ನಾಯಿ ಡಾಕ್ಟರ ಮನೆತನ ನೋಡಿದ್ದು

ನಮ್ಮ ಬಳಗದಲ್ಲಿ ಯಾರ ಮದುವೆ ಮಾತು ಬಂದರೂ ಮೊದಲು ನಮ್ಮಪ್ಪನಿಗೆ ಫೋನ್ ಬರುತ್ತದೆ. ಅಷ್ಟರಲ್ಲಿ ಹುಡುಗ ಹುಡುಗಿ ಮೊಬೈಲಿನಲ್ಲೇ ಒಬ್ಬರನ್ನೊಬ್ಬರು ನೋಡಿ, ಒಪ್ಪಿ, ಮುನಿಸಿಕೊಂಡು, ಮತ್ತೆ ಒಪ್ಪಿ ಎಲ್ಲ ಮುಗಿದಿರುತ್ತದೆ. ಆದರೂ ಹಿರಿಯರಿಗೆ ಸಮಾಧಾನವಿಲ್ಲ. "ಕಾಕಾ, ನೀವೊಂದ ಸಲ ಮನಿ ನೋಡಿ ಬರ್ರಿ" ಅನ್ನುತ್ತಾರೆ. ಅಪ್ಪ ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ಹೊರಡುತ್ತಾನೆ. ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆ ಅವನು ಹೀಗೆ ನೋಡಿ ಬರದ ಊರು ಕಡಿಮೆ. ಡ್ರೈವರ್ ಕೆಲಸ ಯಾವಾಗಲೂ ನನ್ನದು.

ಅಪ್ಪನ ಪದ್ಧತಿ ಬೇರೆ. ಹುಡುಗಿಯ ಬಣ್ಣ ನೋಡುವುದಿಲ್ಲ, ಹುಡುಗನ ಪಗಾರ ಕೇಳುವುದಿಲ್ಲ. ಕಾಲು ತೊಳೆಯುವ ನೆವ ಮಾಡಿ ಸೀದಾ ಹಿತ್ತಲಿಗೆ ನಡೆಯುತ್ತಾನೆ. ದನಗಳು ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ ಪಾಚಿ ಕಟ್ಟಿದೆಯೇ, ಎಮ್ಮೆಯ ಕೊರಳಲ್ಲಿ ಹಗ್ಗ ಕೊರೆದ ಗಾಯ ಇದೆಯೇ, ಸಗಣಿ ಬಳಿದಿದ್ದಾರೆಯೇ, ಇಷ್ಟು ನೋಡಿದರೆ ಆ ಮನೆಯ ಅರ್ಧ ಜಾತಕ ಅವನ ಕೈಗೆ ಸಿಕ್ಕಂತೆ. ಉಳಿದ ಅರ್ಧ ನೋಡುವುದು ನಮ್ಮ ನಾಯಿಯ ಕೆಲಸ. ಅದು ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಬರುತ್ತದೆ. ಅವರ ಅಂಗಳದಲ್ಲಿ ಇಳಿಸಿಬಿಟ್ಟು, ಯಾರು 'ಹಚ್ಯಾ' ಎಂದು ಅಟ್ಟಿದರು, ಯಾರು ಕಲ್ಲಿಗೆ ಬಾಗಿದರು, ಯಾರು ಒಳಗಿನಿಂದ ಒಂದು ತುಂಡು ರೊಟ್ಟಿ ತಂದರು ಎಂದು ಅಪ್ಪ ಮೀಸೆಯಲ್ಲೇ ಲೆಕ್ಕ ಇಡುತ್ತಾನೆ. ಬಂದ ಬೀಗರ ಮುಂದೆ ಎಲ್ಲರೂ ಒಳ್ಳೆಯವರೇ, ನಾಯಿಯ ಮುಂದೆ ಯಾರೂ ನಟಿಸುವುದಿಲ್ಲ ಎಂಬುದು ಅವನ ನಂಬಿಕೆ. ಇನ್ನೊಂದು ನಿಯಮವೂ ಇದೆ. ಮನೆ ಮನಸ್ಸಿಗೆ ಬರುವವರೆಗೆ ಅಲ್ಲಿ ಏನೂ ತಿನ್ನುವುದಿಲ್ಲ. ತೀರಾ ಮನಸ್ಸಿಗೆ ಬರದಿದ್ದರೆ ಚಹಾ ಕೂಡ ಆರಿಹೋಗುತ್ತದೆ.

ನಾಯಿ ಸಿಕ್ಕಿದ್ದು ಮಂಗಸೂಳಿಯಲ್ಲಿ. ಮಲ್ಲಯ್ಯನ ದರ್ಶನ ಮುಗಿಸಿ ಬರುವಾಗ ಒಂದು ಹೆಣ್ಣು ಮರಿ ನನ್ನ ಹೆಂಡತಿಯ ಬೆನ್ನು ಹತ್ತಿತು. ಯಾರೋ ಎರಚಿದ ಭಂಡಾರದ ಅರಿಶಿನ ಬಿದ್ದು ಮೈಯೆಲ್ಲ ಹಳದಿಯಾಗಿತ್ತು. ಮಲ್ಲಯ್ಯನ ಜೊತೆ ಯಾವಾಗಲೂ ನಾಯಿ ಇರುತ್ತದಲ್ಲ, ಅದಕ್ಕೆ ಇದನ್ನು ದೇವರೇ ಕೊಟ್ಟದ್ದು ಎಂದು ಅವಳು ಸೆರಗಿನಲ್ಲಿ ಎತ್ತಿಕೊಂಡಳು. "ದೇವರಿಗೆ ಸಾಕಾಕ ಆಗಿಲ್ಲ, ನಮ್ಮ ಕೊಳ್ಳಾಗ ಹಾಕ್ಯಾನ" ಎಂದು ಅಪ್ಪ ದಾರಿಯುದ್ದಕ್ಕೂ ಗೊಣಗಿದ. ಆ ವಾರ ಮುಗಿಯುವುದರೊಳಗೆ ಮರಿ ಅಪ್ಪನ ಮಂಚದ ಕೆಳಗೆ ಮಲಗತೊಡಗಿತು. ಅವ್ವ ತೀರಿಕೊಂಡ ಮೇಲೆ ಅಪ್ಪ ಮನೆಯಲ್ಲಿ ಬಾಯಿ ಬಿಡುವುದೇ ಕಡಿಮೆಯಾಗಿತ್ತು. ನಾಯಿ ಬಂದ ಮೇಲೆ ದ್ರಾಕ್ಷಿ ತೋಟದ ಸಾಲುಗಳಲ್ಲಿ ಅದರ ಜೊತೆ ಮಾತಾಡುತ್ತ ತಿರುಗುವುದು ಕೇಳಿಸತೊಡಗಿತು. ಔಷಧದ ಅಂಗಡಿಯವನನ್ನು ಬೈಯುವುದು, ಮೋಡ ಬಂದರೆ ಕಾಯಿ ಒಡೆಯುತ್ತದೆಂದು ಹೆದರುವುದು, ನನ್ನ ಸೋಮಾರಿತನ, ಎಲ್ಲವೂ ನಾಯಿಗೆ ವರದಿಯಾಗುತ್ತಿತ್ತು. ನನಗೆ ಅದೇ ದೊಡ್ಡ ಸಮಾಧಾನವಾಗಿತ್ತು.

ಅಂಥ ನಾಯಿ ಒಂದು ದಿನ ರೊಟ್ಟಿ ಬಿಟ್ಟಿತು. ಬರೀ ನೀರು ಕುಡಿಯುವುದು, ವಾಂತಿ ಮಾಡುವುದು. ಹೊಟ್ಟೆ ಉಬ್ಬಿತ್ತು, ಹಿಂದಿನಿಂದ ಕೀವು ಸೋರುತ್ತಿತ್ತು. ಊರಿನ ಸರಕಾರಿ ದನದ ದವಾಖಾನೆಯ ಡಾಕ್ಟರು ಬಂದು ನೋಡಿದರು, ಸುತ್ತಿಬಳಸಿ ಹೇಳುವವರಲ್ಲ. "ಗರ್ಭಚೀಲದಾಗ ಕೀವ ತುಂಬೇತ್ರಿ. ಕೊಯ್ದು ಚೀಲ ತಗೀಬೇಕು, ತಡಾ ಮಾಡಂಗಿಲ್ಲ. ಎಮ್ಮಿ ಆಗಿದ್ರ ನಾನ ಮಾಡ್ತಿದ್ನಿ, ನಾಯಿಗೆ ಬೇಕಾದ ಸಾಮಾನ ನನ್ನ ಹತ್ರ ಇಲ್ಲ" ಎಂದು ಇಂಜೆಕ್ಷನ್ ಕೊಟ್ಟು, ಸಲಾಯಿನ್ ಹಚ್ಚಿ, ಎರಡು ಜಾಗ ಹೇಳಿದರು. ಒಂದು, ಮಿರಜದಲ್ಲಿ ಸಾಕುಪ್ರಾಣಿಗಳ ದೊಡ್ಡ ದವಾಖಾನೆ. ಇನ್ನೊಂದು, ರಾಯಬಾಗದಲ್ಲಿ ಹೊಸದಾಗಿ ದವಾಖಾನೆ ಹಾಕಿದ ಒಬ್ಬ ಲೇಡಿ ಡಾಕ್ಟರು, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ.

ನಮ್ಮ ಕಡೆ ಮನುಷ್ಯರಿಗೆ ಏನಾದರೂ ದೊಡ್ಡದಾದರೆ ಮಿರಜಕ್ಕೆ ಓಡುವುದು ಅಜ್ಜನ ಕಾಲದ ವಾಡಿಕೆ. ನಾನು ನಾಯಿಯನ್ನೂ ಅಲ್ಲಿಗೇ ಓಡಿಸಿದೆ. ಶನಿವಾರ ಮಧ್ಯಾಹ್ನ. ಗಾಜಿನ ಬಾಗಿಲು, ತಣ್ಣಗಿನ ಗಾಳಿ, ಗೋಡೆಗೆ ಟಿವಿ. ನಮ್ಮ ಪಕ್ಕದಲ್ಲಿ ಸ್ವೆಟರ್ ತೊಟ್ಟ ನಾಯಿಯೊಂದು ಮಡಿಲಲ್ಲಿ ಕೂತಿತ್ತು. ಅಪ್ಪ ಅದನ್ನೂ ಅದರ ಒಡತಿಯನ್ನೂ ಸರದಿಯಂತೆ ನೋಡುತ್ತಿದ್ದ. ಅಲ್ಲಿಯ ಡಾಕ್ಟರು ಒಳ್ಳೆಯವರು, ಸಾವಕಾಶ ಮರಾಠಿಯಲ್ಲಿ ತಿಳಿಸಿ ಹೇಳಿದರು. ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ಆಕ್ಸಿಜನ್, ಬೇಕಾದರೆ ರಕ್ತ ಕೊಡುವ ವ್ಯವಸ್ಥೆ, ರಾತ್ರಿಯೆಲ್ಲ ಕಾಯುವ ಜನ, ಎಲ್ಲ ಸೇರಿ ಇಷ್ಟು ಎಂದರು. ಅಪ್ಪ ಯಾವ ಖರ್ಚನ್ನಾದರೂ ಆಡಿನ ಲೆಕ್ಕದಲ್ಲಿ ಅಳೆಯುತ್ತಾನೆ. "ಎರಡು ದೊಡ್ಡ ಆಡು, ಮ್ಯಾಲೊಂದು ಮರಿ" ಎಂದು ನನ್ನ ಕಿವಿಯಲ್ಲಿ ಉಸುರಿದ. ಆಮೇಲೆ ನಿಮ್ಮ ಮನೆ ಎಲ್ಲಿ ಎಂದು ಡಾಕ್ಟರಿಗೆ ಮರಾಠಿಯಲ್ಲೇ ಕೇಳಿದ, "ತುಮ್ಚ ಘರ್ ಕುಠ ಆಹೆ?" ಅವರು ಪಾಪ, ಪುಣೆ ಕಡೆಯವರು, ಇಲ್ಲಿ ಫ್ಲ್ಯಾಟಿನಲ್ಲಿ ಇರುವುದು ಎಂದರು. ಅಪ್ಪನ ಮುಖ ಸಪ್ಪಗಾಯಿತು. ಫ್ಲ್ಯಾಟಿಗೆ ಹಿತ್ತಲಿಲ್ಲ, ಅವನು ಏನು ನೋಡಬೇಕು?

"ನಾಳೆ ಹೇಳತೀವ್ರಿ" ಎಂದು ಎದ್ದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಕಾಗವಾಡ ದಾಟುವವರೆಗೆ ಆ ಸಿಟ್ಟನ್ನು ಗಾಡಿಯ ಗೇರಿನ ಮೇಲೆ ತೀರಿಸಿಕೊಂಡೆ.

"ಅಪ್ಪಾ, ಇದು ರೊಕ್ಕದ ಮಾತೇನ?" ಕೊನೆಗೆ ಕೇಳಿದೆ.

"ರೊಕ್ಕದ ಮಾತೂ ಐತಿ. ಇಲ್ಲಂದ್ರ ಸುಳ್ಳ ಆಗತೈತಿ. ಆದ್ರ ಯಾರ ಮನಿಯವ್ರು, ಎಂಥಾ ಕೈ ಅಂತ ಗೊತ್ತಿಲ್ಲದ ಹೆಂಗ ಕೊಡ್ಲಿ? ನಾಳೆ ರಾಯಬಾಗದ ಹುಡುಗಿ ಮನಿ ನೋಡಿ ಬರೂಣು."

"ನಾಯಿ ಸಾಯಾಕತ್ತೈತಿ, ನೀ ಮನಿ ನೋಡಾಕ ಹೊಂಟಿ!"

"ಅದಕ್ಕ ಹೊಂಟೇನಿ" ಎಂದ ಅಪ್ಪ, ಹಿಂದಿನ ಸೀಟಿಗೆ ಕೈ ಚಾಚಿ ನಾಯಿಯ ಕಿವಿ ಸವರುತ್ತ. ಆ ದನಿ ಕೇಳಿ ನನ್ನ ಸಿಟ್ಟು ಅರ್ಧಕ್ಕೆ ನಿಂತಿತು. ಭಾನುವಾರ ಮಧ್ಯಾಹ್ನದೊಳಗೆ ಏನೂ ತೀರ್ಮಾನವಾಗದಿದ್ದರೆ ನಾನೊಬ್ಬನೇ ಮಿರಜಕ್ಕೆ ಒಯ್ಯುತ್ತೇನೆ ಎಂದು ಕರಾರು ಹಾಕಿದೆ. ಕಡಿಮೆ ಖರ್ಚಿನ ಕಡೆ ಹೋಗಿ ನಾಯಿ ಸತ್ತರೆ ಆಡು ಉಳಿಸಲು ನಾಯಿ ಕೊಂದೆವು ಎಂಬ ಮಾತನ್ನು ಬೇರೆ ಯಾರೂ ಆಡಬೇಕಿಲ್ಲ, ನಾನೇ ಸಾಯುವವರೆಗೆ ಆಡಿಕೊಳ್ಳುತ್ತಿದ್ದೆ. ಅಪ್ಪ ಮತ್ತೆ ಮೂಕನಾಗುತ್ತಾನೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ರಾಯಬಾಗದಲ್ಲಿ ನಮ್ಮ ದೂರದ ಬೀಗರೊಬ್ಬರಿದ್ದಾರೆ. ಅಪ್ಪ ಅವರಿಗೆ ಫೋನ್ ಮಾಡಿ ಡಾಕ್ಟರ್ ಬಾಯಿಯ ಮನೆ ಎಲ್ಲಿ, ಜನ ಹೇಗೆ, ಹಿರಿಯರು ಯಾರು, ಹೊಲ ಎಷ್ಟು ಎಂದೆಲ್ಲ ವಿಚಾರಿಸಿ, ನಾವು ಮುಂಜಾನೆ ಬರುತ್ತೇವೆಂದು ಆ ಮನೆಯವರಿಗೆ ತಿಳಿಸಲು ಹೇಳಿದ. ನಾಯಿಯ ವಿಷಯ ಹೇಳಲು ಮರೆತ. ಮರೆತದ್ದೂ ಅಲ್ಲ, ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಅವನು ಇಂಥ ವಿಚಾರಣೆಯನ್ನು ಒಂದೇ ಒಂದು ಕಾರಣಕ್ಕೆ ಮಾಡಿದವನು, ಬೀಗರೂ ಅದನ್ನು ಒಂದೇ ಒಂದು ಕಾರಣಕ್ಕೆ ಕೇಳಿಸಿಕೊಂಡರು.

ಮರುದಿನ ನಾಯಿಯನ್ನು ಹೆಂಡತಿಯ ಹತ್ತಿರ ಬಿಟ್ಟು ಹೊರಟೆವು. ಅದಕ್ಕೆ ಏಳಲು ಶಕ್ತಿಯಿರಲಿಲ್ಲ. ಅಪ್ಪ ಹಿಂದಿನ ಸೀಟನ್ನು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದ. ಕುಡಚಿಯ ಸೇತುವೆ ದಾಟಿ, ಕಬ್ಬಿನ ನಡುವಿನ ಮಣ್ಣು ದಾರಿ ಹಿಡಿದು ಅವರ ತೋಟದ ಮನೆ ಮುಟ್ಟಿದಾಗ ಅಂಗಳಕ್ಕೆ ಆಗತಾನೆ ನೀರು ಹೊಡೆದಿದ್ದರು. ಪಡಸಾಲೆಯಲ್ಲಿ ಹೊಸ ಜಮಖಾನೆ. ಡಾಕ್ಟರ ತಾಯಿ ಜರಿ ಸೀರೆ ಉಟ್ಟಿದ್ದರು. ಜೊತೆಗೆ ಸೋದರಮಾವ, ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಪ್ರಾಣಿ ವೈದ್ಯರ ಮನೆಯಲ್ಲಿ ಭಾನುವಾರ ಇಷ್ಟು ಸಡಗರ ಇರುತ್ತದೇನೋ ಅಂದುಕೊಂಡೆ. ನಾನು ದಡ್ಡ ಎಂದು ನನ್ನ ಹೆಂಡತಿ ಹೇಳುವುದರಲ್ಲಿ ಹುರುಳಿದೆ.

ಅಪ್ಪ ಕಾಲು ತೊಳೆಯುವ ನೆವದಲ್ಲಿ ಹಿತ್ತಲಿಗೆ ಮಾಯವಾದ. ಸೋದರಮಾವ ನನ್ನ ಎದುರು ಕೂತು ಗಂಟಲು ಸರಿಮಾಡಿಕೊಂಡರು.

"ಏನ ಮಾಡ್ತೀರಿ ತಾವು?"

"ದ್ರಾಕ್ಷಿ ಐತ್ರಿ. ಸ್ವಲ್ಪ ಕಬ್ಬು."

"ಛಲೋ, ಛಲೋ. ಒಬ್ಬನೇ ಮಗಾ ಏನ್ರಿ?"

ನಾಯಿಯ ಆಪರೇಷನ್ನಿಗೆ ಇದೆಲ್ಲ ಯಾಕೆ ಬೇಕೋ ತಿಳಿಯದೆ ಹೌದೆಂದೆ. ಡಾಕ್ಟರ ತಾಯಿ ಬಾಗಿಲ ಸಂದಿಯಿಂದ ನನ್ನ ತಲೆಯ ನರೆಗೂದಲನ್ನು ನೋಡುತ್ತಿದ್ದರು. ಒಳಗೆ ಯಾರಿಗೋ "ವಯಸ್ಸ ಜರಾ ಹೆಚ್ಚ ಕಾಣತೈತಿ, ಎರಡನೇ ಲಗ್ನ ಏನೋ" ಎಂದದ್ದು ಕೇಳಿಸಿತು. ಅಷ್ಟರಲ್ಲಿ ಅವಲಕ್ಕಿಯ ತಾಟು ಬಂತು. ಮೇಲೆ ಕೊಬ್ಬರಿ, ಕೊತ್ತಂಬರಿ, ಅಂಚಿಗೆ ನಿಂಬೆಹಣ್ಣಿನ ಹೋಳು. ನಮ್ಮ ಗಡಿ ಸೀಮೆಯಲ್ಲಿ ಈ ಅಲಂಕಾರದ ಅವಲಕ್ಕಿ ಬರುವುದು ಹೆಣ್ಣು ನೋಡುವ ದಿನ ಎಂದು ಸಣ್ಣ ಮಕ್ಕಳಿಗೂ ಗೊತ್ತು. ತಾಟು ಹಿಡಿದವರು ಸ್ವತಃ ಡಾಕ್ಟರ್ ಬಾಯಿ. ಸೀರೆಯಲ್ಲಿ ಸಿಕ್ಕಿಬಿದ್ದವರಂತೆ ನಡೆಯುತ್ತಿದ್ದರು, ಮುಖದಲ್ಲಿ ಸಿಟ್ಟು ಮುಚ್ಚಿಟ್ಟಿರಲಿಲ್ಲ. ಮನೆಯಲ್ಲಿ ಹೆಂಡತಿ ಇದ್ದಾಳೆ, ಮಗಳು ಹೈಸ್ಕೂಲಿಗೆ ಹೋಗುತ್ತಾಳೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಅಪ್ಪ ಹಿತ್ತಲಿನಿಂದ ಬಂದು ಜಮಖಾನೆಯ ಮೇಲೆ ಕೂತ. ಮುಖ ಪ್ರಸನ್ನವಾಗಿತ್ತು, ದೋಣಿಯಲ್ಲಿ ಪಾಚಿ ಇರಲಿಲ್ಲವೆಂದು ತಿಳಿಯಿತು.

ಇಂಥ ಹೊತ್ತಿನಲ್ಲಿ ಹಿರಿಯರು ಹುಡುಗಿಗೆ ಒಂದೆರಡು ಪ್ರಶ್ನೆ ಕೇಳುವುದು ಪದ್ಧತಿ. ಎಲ್ಲರೂ ಅಪ್ಪನ ಬಾಯಿ ನೋಡುತ್ತ ಕೂತರು. ಅಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೇಳಿದ.

"ತಂಗಿ, ಇಲ್ಲೀತನಕಾ ಎಷ್ಟ ಹೊಟ್ಟಿ ಕೊಯ್ದಿ?"

ಸೋದರಮಾವನ ಕೈಯಲ್ಲಿದ್ದ ಚಹಾ ತಟ್ಟೆಗೆ ಚೆಲ್ಲಿತು.

"ಕೊಯ್ದದ್ದರಾಗ ಎದ್ದ ನಿಂತದ್ದ ಎಷ್ಟ?" ಅಪ್ಪ ಮುಂದುವರಿಸಿದ.

ಡಾಕ್ಟರ್ ಬಾಯಿ ತಾಟು ಕೆಳಗಿಟ್ಟರು. ಅವರ ಮುಖದ ಸಿಟ್ಟು ಹೋಗಿ ಬೇರೆ ಏನೋ ಬಂತು. "ನಿಮ್ಮ ಮನ್ಯಾಗ ಯಾವ ಪ್ರಾಣಿಗೆ ಏನಾಗೇತ್ರಿ?" ಎಂದು ಕೇಳಿದರು.

ನಾನು ಒಂದೇ ಉಸಿರಿನಲ್ಲಿ ನಾಯಿ, ಗರ್ಭಚೀಲ, ಕೀವು, ಮಿರಜ, ಹೆಂಡತಿ, ಮಗಳು ಎಲ್ಲವನ್ನೂ ಹೇಳಿಬಿಟ್ಟೆ. ಹೆಂಡತಿ ಮಗಳ ವಿಷಯವನ್ನು ಎರಡು ಸಲ ಹೇಳಿದೆನೆಂದು ಅಪ್ಪ ಇವತ್ತಿಗೂ ಆಡಿಕೊಳ್ಳುತ್ತಾನೆ. ತಾಯಿಯವರ ಮುಖ ಇಳಿದುಹೋಯಿತು. ಡಾಕ್ಟರ್ ಬಾಯಿ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮಿಬ್ಬರನ್ನೂ ತರಾಟೆಗೆ ತೆಗೆದುಕೊಂಡರು.

"ಇಂಥಾ ನಾಯಿನ್ನ ಮನ್ಯಾಗ ಬಿಟ್ಟ ನನ್ನ ಮನಿ ನೋಡಾಕ ಬಂದೀರಿ? ಬುದ್ಧಿ ಎಲ್ಲಿಟ್ಟೀರಿ? ಮೊದಲ ಮನಿಗೆ ಫೋನ್ ಹಚ್ಚ್ರಿ."

ನನ್ನ ಹೆಂಡತಿ ಫೋನಿನಲ್ಲಿ ನಾಯಿಯ ತುಟಿ ಎತ್ತಿ ಒಸಡಿನ ಬಣ್ಣ ತೋರಿಸಿದಳು. ಡಾಕ್ಟರ್ ಬಾಯಿ ಮಿರಜದ ರಕ್ತದ ವರದಿಯನ್ನು ನನ್ನ ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿದರು. ಆಮೇಲೆ ಅಪ್ಪನ ಎದುರು ಕೂತರು.

"ಅಜ್ಜಾರ, ಖರೇ ಹೇಳತೇನಿ. ಮಿರಜದಾಗ ಅವ್ರು ರೊಕ್ಕ ಸುಮ್ಮನ ತಗೊಳ್ಳೂದಿಲ್ಲ. ಅಲ್ಲಿ ಮಶೀನ ಅದಾವು, ರಕ್ತ ಐತಿ, ಕಾಯೂ ಮಂದಿ ಅದಾರ. ನನ್ನ ಕಡೆ ಒಂದ ಟೇಬಲ್, ಒಂದ ಲೈಟ್, ಕೈಕೆಳಗ ಒಬ್ಬ ಹುಡುಗಿ. ಕಿಡ್ನಿ ಕೆಟ್ಟಿದ್ರ ಅಲ್ಲಿಗೇ ಹೋಗ್ರಿ ಅಂತಿದ್ನಿ. ಕಿಡ್ನಿ ಛಲೋ ಅದಾವು, ಕೀವು ಹೊರಗ ಹರ್ಯಾಕತ್ತೈತಿ. ಇಷ್ಟಿದ್ರ ನಾ ಮಾಡಬಲ್ಲೆ. ಖರ್ಚ ಅರ್ಧಕ್ಕಿಂತ ಕಡಿಮಿ ಆಗತೈತಿ. ಆದ್ರ ಆಪರೇಷನ್ ಆದಮ್ಯಾಲೆ ಕಾಯೂ ಕೆಲಸ ನಿಮ್ಮದು."

"ಎದ್ದ ನಿಂತದ್ದ ಎಷ್ಟ, ಹೇಳಲಿಲ್ಲ" ಎಂದ ಅಪ್ಪ.

"ಭಾಳ ಎದ್ದಾವು. ಎಲ್ಲಾ ಎದ್ದಿಲ್ಲ." ಒಂದು ಕುರುಬರ ನಾಯಿಯ ಕತೆ ಹೇಳಿದರು. ಇದೇ ರೋಗ. ಹೊಲಿಗೆ ಹಾಕಿ ಮುಗಿಸಿದ್ದೆ, ಉಸಿರು ತಿರುಗಲಿಲ್ಲ ಎಂದರು. ಆಕ್ಸಿಜನ್ ಇದ್ದಿದ್ದರೆ ಉಳಿಯುತ್ತಿತ್ತೋ ಏನೋ, ಅಂದಿನಿಂದ ಸಿಲಿಂಡರ್ ಒಂದನ್ನು ತಂದಿಟ್ಟಿದ್ದೇನೆ ಎಂದರು. ಹೇಳುವಾಗ ಅವರ ದನಿ ಒಂದಿಷ್ಟೂ ಮೆತ್ತಗಾಗಲಿಲ್ಲ, ಕಣ್ಣು ಮಾತ್ರ ನೆಲ ನೋಡುತ್ತಿತ್ತು.

ಅಪ್ಪ ನನ್ನ ಕಡೆ ತಿರುಗಿದ. ಸಂಬಂಧ ನೋಡಲು ಹೋದಾಗ ತಮ್ಮ ಮನೆಯ ಕೊರತೆಯನ್ನು ತಾವೇ ಹೇಳಿದವರನ್ನು ಅವನು ಯಾವತ್ತೂ ಬಿಟ್ಟು ಬಂದವನಲ್ಲ. ತೀರ್ಮಾನವಾಗಿದೆ ಎಂದು ನನಗೆ ಗೊತ್ತಾಯಿತು. ಆ ಕುರುಬರ ನಾಯಿ ನನ್ನ ಕಣ್ಣಮುಂದಿನಿಂದ ಹೋಗಲೊಲ್ಲದು. ಆದರೂ ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಮಿರಜದ ಗಾಜಿನ ಬಾಗಿಲನ್ನು ನಂಬಿದ್ದಕ್ಕಿಂತ ಈ ಸಿಟ್ಟನ್ನು ನಾನೂ ಹೆಚ್ಚು ನಂಬಿದ್ದೆ.

ನಾವು ತಿರುಗಿ ಹೋಗಿ ಬರುವಷ್ಟು ತಡ ಬೇಡವೆಂದು ಹೆಂಡತಿ ನೆರೆಯವರ ಗಾಡಿ ಇಸಿದುಕೊಂಡು, ನಾಯಿಯನ್ನು ಹಾಕಿಕೊಂಡು ತಾನೇ ಹೊಡೆದುಕೊಂಡು ಬಂದಳು. ಅಷ್ಟರಲ್ಲಿ ನಾವೆಲ್ಲ ರಾಯಬಾಗದ ದವಾಖಾನೆಗೆ ಹೋಗಿ ಕಾಯುತ್ತಿದ್ದೆವು. ಅದರ ಮುಂದೆ ಅವಳು ಇಳಿದಾಗ ಡಾಕ್ಟರ ತಾಯಿ ಅವಳ ಕೊರಳ ತಾಳಿಯನ್ನೂ ನನ್ನನ್ನೂ ನೋಡಿ ನಿಟ್ಟುಸಿರು ಬಿಟ್ಟರು. ಒಳಗೆ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ನಾವು ಸಾಲಾಗಿ ಕೂತೆವು. ಅಪ್ಪ ಟೋಪಿಯನ್ನು ಹಿಂಡಿ ಹಿಂಡಿ ಅದರ ಇಸ್ತ್ರಿ ಮುಗಿಸಿದ್ದ.

ಡಾಕ್ಟರ ತಾಯಿ ತಡೆಯಲಾರದೆ ಅಪ್ಪನಿಗೆ ಹೇಳಿದರು. "ಭಾಳ ಮಂದಿ ನೋಡಾಕ ಬಂದ ಹೋಗ್ಯಾರ್ರಿ ಇಕೀನ್ನ. ಅಡಗಿ ಬರತೈತೇನು ಅಂತಾರ. ದನದ ಹೊಟ್ಟ್ಯಾಗ ಕೈ ಹಾಕತಾಳಂತ ಕೇಳಿ ತಾಟ ಮುಟ್ಟದ ಹೋದವ್ರೂ ಅದಾರ. ಎಷ್ಟ ಕೊಯ್ದಿ, ಎಷ್ಟ ಎದ್ದಾವು ಅಂತ ಕೇಳಿದವ್ರು ನೀವ ಮೊದಲ."

ಅಪ್ಪನ ಕಿವಿ ಬಾಗಿಲ ಕಡೆಗಿತ್ತು.

ಬಾಗಿಲು ತೆರೆದಾಗ ಡಾಕ್ಟರ್ ಬಾಯಿಯ ಮುಂಗೈ ಕೆಂಪಗಿತ್ತು, ಹಣೆ ಬೆವೆತಿತ್ತು. ಕೈಸನ್ನೆ ಮಾಡಿ ಒಳಗೆ ಕರೆದರು. ಮೇಜಿನ ಮೇಲೆ ನಾಯಿ ನಾಲಿಗೆ ಹೊರಚೆಲ್ಲಿ ಮಲಗಿತ್ತು. ಅಪ್ಪ ಹತ್ತಿರ ಹೋಗಿ "ಏ ಯವ್ವಾ" ಎಂದ. ಬಾಲದ ತುದಿ ಒಮ್ಮೆ ಮೇಜಿಗೆ ಬಡಿಯಿತು. ಅಪ್ಪ ಅಲ್ಲೇ ನಿಂತು ಅತ್ತ. ಅವ್ವ ಹೋದಾಗಲೂ ಅವನು ನನ್ನೆದುರು ಅತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಹೊರಗೆ ಬಂದು ಡಾಕ್ಟರ ತಾಯಿಗೆ ಕೇಳಿದ, "ತಂಗೀ, ಆ ಅವಲಕ್ಕಿ ಇನ್ನ ಉಳದಾವೇನು?" ಡಬ್ಬಿಯಲ್ಲಿ ಬಂದ ಆರಿದ ಅವಲಕ್ಕಿಯನ್ನು ಕೊನೆಯ ಕಾಳಿನವರೆಗೆ ತಿಂದ. ನಿಂಬೆಯ ಹೋಳನ್ನೂ ಬಿಡಲಿಲ್ಲ.

ಹೊಲಿಗೆ ಬಿಚ್ಚಲು ಡಾಕ್ಟರ್ ಬಾಯಿ ನಮ್ಮ ಮನೆಗೇ ಬಂದರು, ಜೊತೆಗೆ ಅವರ ತಾಯಿ. ಅಂದು ಅಪ್ಪ ಬೆಳಿಗ್ಗೆಯೇ ನೀರಿನ ದೋಣಿಯನ್ನು ತೆಂಗಿನ ನಾರು ಹಾಕಿ ತಿಕ್ಕುತ್ತಿದ್ದ. ತಾಯಿಯವರು ಕಾಲು ತೊಳೆಯುತ್ತೇನೆಂದು ಹಿತ್ತಲಿಗೆ ಹೋದರು, ಬರಲು ಬಹಳ ಹೊತ್ತಾಯಿತು. ಅಪ್ಪ ಪಡಸಾಲೆಯಲ್ಲಿ ಪರೀಕ್ಷೆ ಬರೆದು ಬಂದ ಹುಡುಗನಂತೆ ಕೂತಿದ್ದ. ನನ್ನ ಹೆಂಡತಿ ಬೇಕಂತಲೇ ಅವಲಕ್ಕಿ ಮಾಡಿ, ಕೊಬ್ಬರಿ ಉದುರಿಸಿ, ನಿಂಬೆ ಹೋಳಿಟ್ಟು ತಂದಳು. ಮನೆಯಲ್ಲಿ ಜಗಳವಾದಾಗಲೆಲ್ಲ ಈಗ ಅವಳು "ಅವಲಕ್ಕಿ ಮಾಡ್ಲೇನ್ರಿ, ರಾಯಬಾಗಕ್ಕ ಹೋಗ್ತೀರೇನು?" ಎನ್ನುತ್ತಾಳೆ. ತಾಯಿಯವರು ಬಂದು ಕೂತು ತಾಟಿಗೆ ಕೈ ಹಾಕಿದರು. ಅಪ್ಪ ಉಸಿರು ಬಿಟ್ಟ.

"ಅಣ್ಣಾರ, ಊರ ಮಂದಿಗೆಲ್ಲಾ ಮನಿ ನೋಡತೀರಿ" ಎಂದರು ಅವರು. "ನನ್ನ ಮಗಳಿಗೊಂದ ನೋಡ್ರಿ."

ಡಾಕ್ಟರ್ ಬಾಯಿ ಹೊಲಿಗೆ ಕತ್ತರಿಸುತ್ತ ತಲೆ ಎತ್ತಲಿಲ್ಲ. ಬೇಡವೆಂದೂ ಅನ್ನಲಿಲ್ಲ. "ನಾಯಿನ್ನ ಕರಕೊಂಡ ಹೋಗ್ರಿ" ಅಂದರು ಅಷ್ಟೇ.

ಕಳೆದ ತಿಂಗಳು ಡಾಕ್ಟರ್ ಬಾಯಿಗೆಂದು ನಿಪ್ಪಾಣಿ ಕಡೆಯ ಒಂದು ಮನೆಗೆ ಹೋಗಿದ್ದೆವು. ದೊಡ್ಡ ಬಂಗಲೆ, ಹುಡುಗ ಇಂಜಿನಿಯರ್. ಹಿತ್ತಲು ಸ್ವಚ್ಛ, ದೋಣಿ ಸ್ವಚ್ಛ. ನಾಯಿಗೂ ಯಾರೂ ಹಚ್ಯಾ ಅನ್ನಲಿಲ್ಲ, ಅದು ಅಂಗಳದ ನೆರಳಲ್ಲಿ ಕಾಲು ಚಾಚಿ ಮಲಗಿತ್ತು. ಈ ಸಲ ಸಂಬಂಧ ಕೂಡಿತು ಅಂದುಕೊಂಡು ನಾನು ಗಾಡಿ ತಿರುಗಿಸಿ ನಿಲ್ಲಿಸಲು ಹೊರಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅಪ್ಪ ಟೋಪಿ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದ. ನಾಯಿ ಅವನ ಹಿಂದೆ. ಒಳಗೆ ಅವನ ಚಹಾ ಕೆನೆಗಟ್ಟಿತ್ತು.

"ಏನಾತು?" ಎಂದು ಕೇಳಿದೆ.

ಅಪ್ಪ ನಾಯಿಯನ್ನು ಹಿಂದಿನ ಸೀಟಿಗೆ ಎತ್ತಿ ಕೂರಿಸಿದ. ಕೂರಿಸುವಾಗ ಹೊಟ್ಟೆಯ ಗಾಯದ ಗುರುತಿಗೆ ಕೈ ತಾಗದ ಹಾಗೆ ಹಿಡಿದಿದ್ದ.

"ಮದಿವಿ ಆದಮ್ಯಾಲೆ ಹುಡುಗಿ ಆ ಕೆಲಸ ಬಿಡತಾಳಲ್ಲ ಅಂತ ಕೇಳಿದ್ರು" ಎಂದ. "ನಡಿ."